ಹುಣಸೆಮರದ ಬೇಟೆ ಕೊಂಬು

ನಾನು ಒಂದು ಎಮ್ಮೆಯ ಕೊಂಬು. ನನ್ನನ್ನು ಹೊತ್ತಿದ್ದ ಎಮ್ಮೆ ಮುದಿಯಾಗಿ ಸತ್ತಾಗ ಮನೆಯ ಯಜಮಾನ ಕಾಳೇಗೌಡರು ನನ್ನನ್ನು ಕೊಯ್ದು, ಕಾದ ಕಂಬಿಯಿಂದ ತುದಿಗೆ ತೂತು ಮಾಡಿದರು. ಆ ಸುಟ್ಟ ವಾಸನೆಯಲ್ಲೇ ನನಗೆ ದನಿ ಬಂತು.

ಸರ್ಕಾರ ಬೇಟೆಗೆ ಲೈಸೆನ್ಸು ಕೊಡುತ್ತಿದ್ದ ಕಾಲ ಅದು. ಕಾಡಂಚಿನಲ್ಲಿ ಗೌಡರಿಗೆ ನಲವತ್ತು ಎಕರೆ ಕುರುಚಲು ಜಮೀನಿತ್ತು. ನಡುವೆ ಹಂದಿಗಳು ನೀರಿಗೆ ಬರುವ ಹೊಂಡ. ಜಮೀನಿನ ಬಾಯಲ್ಲಿದ್ದ ಹುಣಸೆಮರಕ್ಕೆ ನನ್ನನ್ನು ನೇತುಹಾಕಿ ಗೌಡರು ಒಂದು ಕಟ್ಟಳೆ ಮಾಡಿದರು. ಒಳಗೆ ಹೋಗುವವರು ಎರಡು ಸಲ ಊದಬೇಕು. ಒಳಗೆ ಕೋವಿ ಹಿಡಿದು ಕೂತವರು ‘ಓ’ ಎಂದ ಮೇಲೇ ಕಾಲಿಡಬೇಕು. ಅವರ ಮಗಳು ಪುಟ್ಟತಾಯಿ, ಮಗ ಕೆಂಚೇಗೌಡ ಇಬ್ಬರೂ ಕೆನ್ನೆ ಉಬ್ಬಿಸಿ ಊದುವುದನ್ನು ನನ್ನಲ್ಲೇ ಕಲಿತರು.

ಗೌಡರು ತೀರಿಕೊಂಡ ಮೇಲೆ ಜಮೀನು ಅಕ್ಕ ತಮ್ಮ ಇಬ್ಬರ ಹೆಸರಿಗೂ ಬಂತು. ದುಡಿದವನು ಕೆಂಚೇಗೌಡ ಒಬ್ಬನೇ. ಬೇಸಿಗೆಗೆ ಮುಂಚೆ ಬೆಂಕಿ ಹರಡದಂತೆ ಹುಲ್ಲು ಸವರುತ್ತಿದ್ದ, ಹೊಂಡದ ಹೂಳೆತ್ತುತ್ತಿದ್ದ, ಹಂದಿ ಮರಿ ಹಾಕುವ ತಿಂಗಳಲ್ಲಿ ಕೋವಿ ಮುಟ್ಟುತ್ತಿರಲಿಲ್ಲ. ಅಕ್ಕನ ಪಾಲು ನೋಡಿಕೊಳ್ಳಬೇಕಾದವರು ಅವಳ ಗಂಡ, ಮೈಸೂರಿನ ಮರದ ವ್ಯಾಪಾರಿ ಶಿವನಂಜೇಗೌಡರು. ಅವರು ವರ್ಷಕ್ಕೊಮ್ಮೆ ಜೀಪಿನಲ್ಲಿ ಗೆಳೆಯರನ್ನು ತುಂಬಿಕೊಂಡು ಬಂದು ಹೊಡೆದದ್ದನ್ನು ಹೇರಿಕೊಂಡು ಹೋಗುತ್ತಿದ್ದರು, ಅಷ್ಟೆ.

ಅಂಥ ಒಂದು ದಿನ ಅವರ ಕೈ ನನ್ನ ಮೇಲೆ ಬಿತ್ತು.

“ಇದನ್ನ ತಗೊಂಡು ಹೋಗ್ತೀನಿ ಕಣಯ್ಯ. ನಡುಮನೇಲಿ ಹಾಕಿದ್ರೆ ಲಕ್ಷಣವಾಗಿರ್ತದೆ.”

“ಬ್ಯಾಡಿ ಬಾವ. ಅದು ಚೆಂದಕ್ಕೆ ನೇತಾಕಿರದಲ್ಲ,” ಎಂದ ಕೆಂಚೇಗೌಡ.

“ಅರ್ಧ ಜಮೀನು ನಮ್ಮದಲ್ವ? ಕೊಂಬಲ್ಲೂ ಅರ್ಧ ನಮ್ಮದೇ.”

“ಅರ್ಧ ಕೊಂಬು ಊದಕ್ಕಾಗಲ್ಲ ಬಾವ.”

ಗೆಳೆಯರು ನಕ್ಕರು. ಆ ನಗು ಶಿವನಂಜೇಗೌಡರಿಗೆ ತಾಗಿತು. ನನ್ನ ಹಗ್ಗವನ್ನು ಅವರೇ ಕೊಯ್ದರು.

“ಹಂಗಾರೆ ಬರೋ ಮುಂಚೆ ಒಂದ್ ಕಾಗ್ದ ಹಾಕಿ,” ಎಂದ ಕೆಂಚೇಗೌಡ. “ ಸಂಜೆ ಹೊತ್ತು ನಾನು ಹೊಂಡದ ತಾವೇ ಕೂತಿರ್ತೀನಿ.”

“ನನ್ನ ಜಮೀನಿಗೆ ನಾನು ಅಪ್ಪಣೆ ಕೇಳ್ಬೇಕೇನಯ್ಯ?”

ಮೈಸೂರಿನಲ್ಲಿ ನನಗೆ ಹಿತ್ತಾಳೆ ಬಳೆ ಹಾಕಿ, ಎಣ್ಣೆ ಸವರಿ, ಗೋಡೆಗೆ ಏರಿಸಿದರು. ಪುಟ್ಟತಾಯಮ್ಮ ನನ್ನನ್ನು ಕಂಡು ಬೆಚ್ಚಿದರು. “ಇದು ಇಲ್ಲಿದ್ರೆ ಅಲ್ಲಿ ಏನು ಊದ್ತಾರೆ?” ಗಂಡ ಪೇಪರು ಮಡಚಿಟ್ಟು ಸ್ನಾನಕ್ಕೆ ಹೋದರು. ಅಂದಿನಿಂದ ಧೂಳು ಒರೆಸುವ ಪುಟ್ಟತಾಯಮ್ಮನವರ ಕೈ ನನ್ನ ಬಳಿ ಬಂದಾಗ ಒಂದು ಗಳಿಗೆ ನಿಲ್ಲುತ್ತಿತ್ತು.

ಚಳಿಗಾಲದ ಒಂದು ಬೆಳಿಗ್ಗೆ ಶಿವನಂಜೇಗೌಡರು ಕಂದು ಸ್ವೆಟರ್ ತೊಟ್ಟು ಕೋವಿ ತೆಗೆದರು. ಕೆಂಚೇಗೌಡ ಹೊರಗಿನವರಿಂದ ಹಂದಿ ಹೊಡೆಸುತ್ತಿದ್ದಾನೆ ಎಂದು ಯಾರೋ ಅವರಿಗೆ ಹೇಳಿದ್ದರು.

“ತಮ್ಮಂಗೆ ಹೇಳಿ ಕಳ್ಸಿದ್ದೀರಾ?” ಎಂದರು ಪುಟ್ಟತಾಯಮ್ಮ.

“ಹೇಳ್ದೆ ಹೋದ್ರೇ ಅಲ್ವ ಅವನ ಆಟ ಗೊತ್ತಾಗದು.”

ತೆರೆದ ಬಾಗಿಲಿನಿಂದ ಬಂದ ಗಾಳಿ ನನ್ನೊಳಗೆ ಹೊಕ್ಕು ಸಣ್ಣಗೆ ಗುಂಯ್ ಎಂದಿತು. ನನ್ನಿಂದ ಆದದ್ದು ಅಷ್ಟೇ. ಅವರು ಒಮ್ಮೆ ತಲೆಯೆತ್ತಿ ನೋಡಿ, ಬಾಗಿಲೆಳೆದುಕೊಂಡು ಹೋದರು.

ಮಾರನೆಯ ದಿನ ಅವರ ಹೆಣ ಬಂತು. ಹಿಂದೆಯೇ, ಇಬ್ಬರು ಪೊಲೀಸರ ನಡುವೆ, ಕೆಂಚೇಗೌಡ. ಅವನು ಅಕ್ಕನ ಕಾಲ ಬಳಿ ಕುಸಿದ.

“ಮೆಳೆ ಅಲ್ಲಾಡ್ತು ಅಕ್ಕ. ಕಂದು ಮೈ ಕಾಣ್ತು. ಕೊಂಬು ಕೇಳ್ಲಿಲ್ಲ. ಕೊಂಬು ಕೇಳ್ದಿದ್ರೆ ಮನುಷ್ಯ ಅಲ್ಲ ಅಂತ್ಲೇ ಅಲ್ವ ಅಪ್ಪ ಹೇಳ್ಕೊಟ್ಟಿದ್ದು. ಅದು ಇಲ್ಲಿರದು ಆ ಗಳಿಗೆಗೆ ನೆಪ್ಪಾಗ್ಲಿಲ್ಲ.”

ಪುಟ್ಟತಾಯಮ್ಮ ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದರು.

ತಮ್ಮ ಜೈಲಿಗೆ ಹೋದ ಮೇಲೆ ಅವರು ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಹುಣಸೆಮರದ ಕೆಳಗೆ ನಿಂತು, ಅಪ್ಪ ಕಲಿಸಿದಂತೆ ಎರಡು ಸಲ ಊದಿದರು. ಕಾದರು. ಬಿಸಿಲು ಇಳಿಯುವ ತನಕ ಕಾದರು. ಒಳಗಿನಿಂದ ‘ಓ’ ಎನ್ನುವವರು ಯಾರೂ ಇರಲಿಲ್ಲ. ಜಮೀನಿನಲ್ಲಿ ಅರ್ಧ ಅವರದೇ ಆದರೂ ಅವರು ಒಳಗೆ ಕಾಲಿಡಲಿಲ್ಲ. ನನ್ನನ್ನು ಹಳೆಯ ಜಾಗದಲ್ಲೇ ಕಟ್ಟಿ ಹಿಂತಿರುಗಿದರು.

ಈಗ ಬೇಟೆ ನಿಂತಿದೆ. ಹೊಂಡ ಹೂಳಿನಿಂದ ಮುಚ್ಚಿದೆ. ಕಣಜ ಬಂದು ನನ್ನೊಳಗೆ ಮಣ್ಣಿನ ಗೂಡು ಕಟ್ಟಿದೆ. ಊದಿದರೂ ದನಿ ಬರಲಾರದು. ಆದರೂ ಸಂಜೆಯಾದರೆ ಕಿವಿಗೊಟ್ಟು ಕಾಯುತ್ತೇನೆ. ಅಂದು ಅಕ್ಕ ಊದಿದ್ದಕ್ಕೆ ಒಳಗಿನಿಂದ ಇನ್ನೂ ಉತ್ತರ ಬಂದಿಲ್ಲ.