ಕೂಗಿದ ಮೇಲೆ ಓಡಬೇಕು

ಆ ಮನೆಯ ಇಬ್ಬರು ಸೊಸೆಯರು ಜೋಡಿಯಾಗಿ ಬ್ಯಾಡ್ಮಿಂಟನ್ ಆಡಲು ಶುರು ಮಾಡಿದ್ದು ಅತ್ತೆಯಿಂದ ತಪ್ಪಿಸಿಕೊಳ್ಳಲು ಎಂದು ಬಡಾವಣೆಯಲ್ಲಿ ಕೆಲವರು ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು. ಅತ್ತೆಯೂ ಅವರ ಹಿಂದೆಯೇ ಬಂದು, ಗ್ಯಾಲರಿಯ ಮೊದಲ ಸಾಲಿನಲ್ಲಿ ಕಾಲು ಚಾಚಿ ಕೂತು, ಜನ್ಮದಲ್ಲಿ ರಾಕೆಟ್ ಹಿಡಿಯದ ಕೈಯನ್ನು ಬೀಸಿ ಬೀಸಿ ಇಬ್ಬರಿಗೂ ಬುದ್ಧಿ ಹೇಳುತ್ತಿದ್ದರು. ಇನ್ನು ತಪ್ಪಿಸಿಕೊಳ್ಳುವುದೆಲ್ಲಿಂದ ಬಂತು!

ಹಿರಿಸೊಸೆ ಮನೆಮನೆಗೆ ಸಾಮಾನು ತಲುಪಿಸುವ ವ್ಯಾನಿನ ಡ್ರೈವರು. ಮೈಕಟ್ಟಿನಲ್ಲೂ ಮಾತಿನಲ್ಲೂ ಗಟ್ಟಿ. ಕಿರಿಸೊಸೆ ಒಂದು ಸಲೂನಿನಲ್ಲಿ ಕೂದಲು ಕತ್ತರಿಸುವವಳು. ಕೈ ಬಲು ಚುರುಕು, ಬಾಯಿ ಮಾತ್ರ ಸದಾ ಹಿಂದೆ. ಊಟಕ್ಕೇನು ಬೇಕೆಂದರೆ "ಏನಾದ್ರೂ ಸರಿ." ಯಾವ ಸಿನಿಮಾ ಎಂದರೆ "ನೀವು ಹೇಳಿದ್ದೇ." ಹುಡುಗ ಒಪ್ಪಿಗೆಯೇ ಎಂದು ಕೇಳಿದಾಗಲೂ ಅವಳು ತಿರುಗಿ ತನ್ನ ಅಮ್ಮನ ಮುಖ ನೋಡಿದ್ದಳೆಂದು ಗಂಡ ಈಗಲೂ ಗೋಳು ಹೊಯ್ದುಕೊಳ್ಳುತ್ತಾನೆ.

ಆಟದಂಗಳದಲ್ಲೂ ಅದೇ ಕತೆ. ಎಡಕ್ಕೆ ಬಂದದ್ದನ್ನು ಹಿರಿಯವಳು ಬಾರಿಸುತ್ತಿದ್ದಳು, ಬಲಕ್ಕೆ ಬಂದದ್ದನ್ನು ಕಿರಿಯವಳು ಹಿಂತಿರುಗಿಸುತ್ತಿದ್ದಳು. ನಟ್ಟನಡುವೆ ಬಂದ ಕಾಕ್ ಮಾತ್ರ ಯಾರಿಗೂ ಬೇಡವಾದ ಅನಾಥ. ಅಕ್ಕ ತಗೋತಾಳೆ ಎಂದು ತಂಗಿ, ತಂಗಿ ತಗೋತಾಳೆ ಎಂದು ಅಕ್ಕ. ಇಬ್ಬರೂ ಮರ್ಯಾದೆಯಿಂದ ಪಕ್ಕಕ್ಕೆ ಸರಿದು ನಿಂತಾಗ ಅದು ಅವರಿಬ್ಬರ ನಡುವೆ ನೆಲದ ಮೇಲೆ ಮೆತ್ತಗೆ ಕೂರುತ್ತಿತ್ತು. ಬಡಾವಣೆಯ ಪಂದ್ಯಾವಳಿಯ ಮೊದಲ ಪಂದ್ಯವನ್ನು ಅವರು ಸೋತದ್ದೇ ಹಾಗೆ. ಲೀಗ್ ಪಂದ್ಯವಾದ್ದರಿಂದ ಇನ್ನೂ ಜೀವ ಉಳಿದಿತ್ತು, ಅಷ್ಟೇ.

"ಏನ್ರಮ್ಮಾ ಇದು! ಆಟ ಆಡ್ತಿದ್ದೀರೋ, ಬೀಗರ ಮನೇಲಿ ಉಪಚಾರ ಮಾಡ್ತಿದ್ದೀರೋ?" ಎಂದು ಕೂಗಿದವರು ಕೋಚ್. ಆತ ನಿವೃತ್ತ ಆಂಬುಲೆನ್ಸ್ ಡ್ರೈವರ್. ದನಿ ಕೇಳಿದರೆ ಬೀದಿಯ ವಾಹನಗಳು ಇವತ್ತಿಗೂ ಪಕ್ಕಕ್ಕೆ ಸರಿಯುತ್ತವೆಂದು ತಮಾಷೆ ಮಾಡುತ್ತಿದ್ದ ಹುಡುಗಿಯರು ಅವರಿಗೆ ಸೈರನ್ ಸಾರ್ ಎಂದು ಹೆಸರಿಟ್ಟಿದ್ದರು. "ನಾಳೆಯಿಂದ ಒಂದೇ ಪಾಠ. ಕಾಕ್ ಮೇಲಿರುವಾಗ್ಲೇ ಬಾಯಿ ಬಿಡಬೇಕು. ನಂದು! ಅಂತ. ಯಾರು ಮೊದಲು ಕೂಗ್ತಾರೋ ಅದು ಅವರದು."

"ತಪ್ಪು ಲೆಕ್ಕ ಹಾಕಿ ಕೂಗಿಬಿಟ್ರೆ ಸಾರ್?" ಕಿರಿಯವಳು ಕೇಳಿದಳು.

"ತಪ್ಪಾಗಿ ಕೂಗಿ ಸೋಲು, ಬೇಜಾರಿಲ್ಲ. ಸರಿಯಾಗಿ ಸುಮ್ಮನಿದ್ದು ಸೋತೆಯಲ್ಲ, ಅದಕ್ಕೇ ನನಗೆ ಉರಿಯೋದು."

ಮೊದಮೊದಲು ಅವಳ "ನಂದು" ಗಂಟಲಲ್ಲೇ ಸಿಕ್ಕಿಕೊಂಡು, ಕಾಕ್ ಬಿದ್ದ ಮೇಲೆ ಕ್ಷಮೆ ಕೇಳಿದಂತೆ ಹೊರಬರುತ್ತಿತ್ತು. "ಏ, ಮನೇಲಿ ಅಭ್ಯಾಸ ಮಾಡೋಣ ಬಾರೇ," ಎಂದಳು ಹಿರಿಯವಳು. ಅದೇ ತಪ್ಪಾಯಿತು. ಮರುದಿನ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲಲ್ಲಿ "ನಂದು!" ಎಂದು ಕಿರಿಯವಳು ಕೂಗಿದ ರಭಸಕ್ಕೆ, ಟವೆಲ್ ಹೆಗಲಿಗೇರಿಸಿ ನಿಂತಿದ್ದ ಭಾವ ಹೆದರಿ ಅಡುಗೆಮನೆ ಸೇರಿದ. ಕೊನೆಯ ಕೇಕ್ ತುಂಡು, ಬಸ್ಸಿನ ಕಿಟಕಿ ಸೀಟು, ಫ್ಯಾನಿನ ಕೆಳಗಿನ ಕುರ್ಚಿ, ಎಲ್ಲಕ್ಕೂ "ನಂದು!" ಮೂರನೆಯ ದಿನಕ್ಕೆ ರೋಗ ಅತ್ತೆಗೂ ಅಂಟಿತು. ಟಿ.ವಿ. ರಿಮೋಟನ್ನು ಎದೆಗವಚಿಕೊಂಡು ಅವರು "ನಂದು!" ಎಂದು ಘೋಷಿಸಿದ ಮೇಲೆ ಗಂಡುಮಕ್ಕಳಿಬ್ಬರಿಗೂ ಸುದ್ದಿ ನೋಡುವ ಯೋಗ ತಪ್ಪಿತು.

ಕಿರಿಯವಳಿಗೆ ಮಾತ್ರ ಏನೋ ಮಜಾ ಹತ್ತಿತ್ತು. ಕೇಳಿದ್ದು ಸಿಕ್ಕಿತೆಂದಲ್ಲ, ಎಷ್ಟೋ ಸಲ ಸಿಗಲೂ ಇಲ್ಲ. ಆದರೆ ಬಾಯಿ ಬಿಟ್ಟು ಕೇಳಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂಬುದು ಅವಳಿಗೆ ಹೊಸ ಸುದ್ದಿ.

ಹೀಗಿರುವಾಗ ಒಂದು ಮಧ್ಯಾಹ್ನ ಸಲೂನಿನ ಒಡತಿ ಹೇರ್ ಡ್ರೈಯರುಗಳನ್ನೆಲ್ಲ ನಿಲ್ಲಿಸಲು ಹೇಳಿದರು. ಕಿರಿಯವಳು ಶಾಲೆಯೊಂದರ ಹೆಡ್ ಮಿಸ್ಸಿನ ಕೂದಲು ಕತ್ತರಿಸುತ್ತಿದ್ದಳು. ಎಡಗಡೆ ಕಿವಿಯವರೆಗೆ ಬಂದಿತ್ತು, ಬಲಗಡೆ ಇನ್ನೂ ಭುಜದ ಮೇಲಿತ್ತು. ಉಗುರಿಗೆ ಬಣ್ಣ ಹಚ್ಚುವ ಹುಡುಗಿ ಮೂಲೆಯಲ್ಲಿ ಕೂತಿದ್ದಳು. ಕೂದಲಿಗೆ ಬಣ್ಣ ಹಾಕುವವನು, ಎಲ್ಲರಿಗಿಂತ ಹಳಬ, ಬಟ್ಟಲಲ್ಲಿ ಬಣ್ಣ ಕಲಸುತ್ತಿದ್ದ.

"ನನ್ನ ಮಂಡಿ ಕೈಕೊಟ್ಟಿದೆ. ಇನ್ನು ದಿನವಿಡೀ ನಿಲ್ಲೋಕಾಗಲ್ಲ," ಎಂದರು ಒಡತಿ. "ಪಕ್ಕದ ಮೊಬೈಲ್ ಅಂಗಡಿಯವನು ಗೋಡೆ ಒಡೆದು ಸೇರಿಸ್ಕೋತೀನಿ ಅಂತ ಕಾಯ್ತಿದ್ದಾನೆ. ನನಗೇನೋ ಈ ಕನ್ನಡಿಗಳು ಕನ್ನಡಿಗಳಾಗೇ ಇರಲಿ ಅಂತ ಆಸೆ. ನಿಮ್ಮಲ್ಲಿ ಯಾರಾದ್ರೂ ನಡೆಸ್ತೀರಾ? ಕೊಡೋದು ತಗೊಳ್ಳೋದೆಲ್ಲ ಆಮೇಲೆ."

ಬಣ್ಣದವನು ಉಗುರಿನ ಹುಡುಗಿಯನ್ನು ನೋಡಿದ, ಅವಳು ಕಿರಿಯವಳನ್ನು ನೋಡಿದಳು. ಪ್ರಶ್ನೆ ಕೋಣೆಯ ನಡುವೆ, ಎಲ್ಲರ ತಲೆಯ ಮೇಲೆ ಹಾಗೇ ತೇಲುತ್ತಿತ್ತು. ಇನ್ನೇನು ಕೆಳಗಿಳಿಯುತ್ತಿದೆ. ಒಡತಿ ನಿಟ್ಟುಸಿರು ಬಿಟ್ಟು ಫೋನಿಗೆ ಕೈ ಚಾಚಿದರು.

"ನಂದು!"

ಕತ್ತರಿ ಹಿಡಿದ ಕೈ ರಾಕೆಟ್ ಎತ್ತಿದಂತೆ ತಲೆಯ ಮೇಲೆದ್ದಿತ್ತು. ಒಂದು ಕಾಲು ಆಗಲೇ ಮುಂದೆ ಹೋಗಿತ್ತು. ಕೂಗಿದ್ದು ತಾನೇ ಎಂದು ಕಿರಿಯವಳಿಗೆ ಗೊತ್ತಾದದ್ದು ಕನ್ನಡಿಯಲ್ಲಿ ತನ್ನ ತೆರೆದ ಬಾಯಿ ನೋಡಿದಾಗ.

"ಏನು ನಿಂದು?" ಹೆಡ್ ಮಿಸ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕಿರುಚಿದರು. "ಕೂದಲು ನಂದು!"

ಮೊದಲು ನಕ್ಕದ್ದು ಒಡತಿ. ಆಮೇಲೆ ಉಗುರಿನ ಹುಡುಗಿ. ಕೊನೆಗೆ ಹೆಡ್ ಮಿಸ್ಸೂ ಅರ್ಧ ತಲೆ ಕುಣಿಸಿಕೊಂಡು ನಕ್ಕರು. ಒಡತಿ ಕಣ್ಣೊರೆಸಿಕೊಂಡು, "ಸರಿ, ನಿಂದೇ. ಮೊದಲು ಅವರ ಬಲಗಡೆ ಮುಗಿಸು," ಎಂದರು.

ಸಂಜೆ ಅಭ್ಯಾಸಕ್ಕೆ ಬಂದ ಕಿರಿಯವಳ ಮುಖ ಸುಣ್ಣದಂತಾಗಿತ್ತು. ಹಿರಿಯವಳನ್ನು ಬಟ್ಟೆ ಬದಲಿಸುವ ಕೋಣೆಗೆ ಎಳೆದುಕೊಂಡು ಹೋದಳು.

"ಅಕ್ಕಾ, ಬಾಯಿ ತಪ್ಪಿ ಒಂದು ಸಲೂನ್ ತಗೊಂಡ್ಬಿಟ್ಟೆ."

"ಏನಂದೆ?"

"ನಂದು ಅಂದೆ."

ಹಿರಿಯವಳು ಬೆಂಚಿನ ಮೇಲೆ ಕೂತಳು. ಶೂ ಒಂದು ಕಾಲಿಗಿತ್ತು, ಇನ್ನೊಂದು ಕೈಯಲ್ಲಿತ್ತು. "ವಾಪಸ್ ತಗೋತೀಯೇನೇ ಮಾತನ್ನ?"

ಕಿರಿಯವಳು ಬಾಯಿ ತೆರೆದಳು. ಅಭ್ಯಾಸಬಲದಿಂದ ಯಾರ ಮುಖವನ್ನಾದರೂ ನೋಡಬೇಕಿತ್ತು. ಎದುರಿಗಿದ್ದದ್ದು ಅಕ್ಕನ ಶೂ. "ಇಲ್ಲ," ಎಂದಳು. ಎಂದ ಮೇಲೆ ಹೊಟ್ಟೆಯೊಳಗಿನಿಂದ ಒಂದು ನಗು ಉಕ್ಕಿ ಬಂದು ನಿಲ್ಲಿಸಲಾಗಲಿಲ್ಲ. ಹಿರಿಯವಳೂ ಸೇರಿಕೊಂಡಳು. ಇಬ್ಬರೂ ಬೆಂಚಿನ ಮೇಲೆ ಬಿದ್ದು ಬಿದ್ದು ನಗುವುದು ಕೇಳಿ ಸೈರನ್ ಸಾರ್ ಬಾಗಿಲು ಬಡಿದರು. ವಿಷಯ ತಿಳಿದು ಅವರು ನಗಲಿಲ್ಲ.

"ಕೂಗಿದ್ದೀಯ, ಸಂತೋಷ. ಕೂಗಿದ ಮೇಲೆ ಓಡಬೇಕು. ಕೂಗಿ ನಿಂತಲ್ಲೇ ನಿಂತ್ರೆ ಅದು ಬರೀ ಗಲಾಟೆ."

ಓಡಿದಳು. ಬೆಳಿಗ್ಗೆ ಕಟ್ಟಡದ ಮಾಲೀಕನ ಮನೆಗೆ, ಮಧ್ಯಾಹ್ನ ಶಾಂಪೂ ತರಿಸುವ ಅಂಗಡಿಗೆ, ಸಂಜೆ ಅಂಗಳಕ್ಕೆ. ಲಿಫ್ಟ್ ರಿಪೇರಿ ಮಾಡುವ ಗಂಡ ರಜಾ ದಿನ ಬಂದು ಕಿರುಗುಟ್ಟುವ ಕುರ್ಚಿಗಳಿಗೆಲ್ಲ ಎಣ್ಣೆ ಬಿಟ್ಟ. ಒಂದು ಕುರ್ಚಿ ಏರಿದ್ದು ಇಳಿಯಲೇ ಇಲ್ಲ. "ಇದು ಎರಡನೇ ಮಹಡಿ ಅನ್ಕೋ," ಎಂದ. ಅವಳಿಗೆ ಅತಿ ಕಷ್ಟವಾದದ್ದು ಬಣ್ಣದವನನ್ನು ಎದುರಿಸುವುದು. ಹಿರಿತನದಲ್ಲಿ ಅದು ಅವನಿಗೆ ಹೋಗಬೇಕಾದ ಜಾಗ.

"ಅಣ್ಣಾ, ನಿಮಗೆ ಬೇಜಾರಾಯ್ತಾ?"

ಬ್ರಷ್ ತೊಳೆಯುತ್ತಿದ್ದ ಅವನು ತಿರುಗದೆಯೇ ಹೇಳಿದ: "ಆಗಿಲ್ಲ ಅಂದ್ರೆ ಸುಳ್ಳಾಗುತ್ತೆ. ನಾನೂ ಕೇಳ್ಬೇಕು ಅಂತಾನೇ ಇದ್ದೆ ಕಣಮ್ಮಾ. ಹೇಗೆ ಕೇಳೋದು ಅಂತ ಮಾತು ಜೋಡಿಸ್ತಾ ಇದ್ದೆ. ಅಷ್ಟರಲ್ಲಿ ನೀನು..." ಅವನು ಬ್ರಷ್ ಎತ್ತಿ ತೋರಿಸಿದ, ಅವಳು ಕತ್ತರಿ ಎತ್ತಿದ್ದ ಹಾಗೆ.

"ಬಣ್ಣದ ವಿಭಾಗ ಪೂರ್ತಿ ನೀವೇ ನೋಡ್ಕೊಳ್ಳಿ. ನಾನು ತಲೆ ಹಾಕಲ್ಲ."

ಅವನು ಯೋಚನೆಗೆ ಬಿದ್ದ. ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಅವಳು ಕಾದಳು, ಹುಬ್ಬೇರಿಸಿದಳು. ತಟ್ಟನೆ ಅವನು "ನಂದು! ನಂದು!" ಎಂದು ಕೂಗಿ, ನಾಚಿ, ಮುಖಕ್ಕೆ ನೀರೆರಚಿಕೊಂಡ.

ಇತ್ತ ಅಂಗಳದಲ್ಲಿ ಜೋಡಿ ಗೆಲ್ಲತೊಡಗಿತ್ತು. ಒಂದಾದ ಮೇಲೊಂದು ಪಂದ್ಯ ದಾಟಿ ಫೈನಲ್ಲಿಗೇ ಬಂದು ನಿಂತಾಗ ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ಅವರಿಗೇ. ಎದುರಾಳಿಗಳು ಹೋದ ವರ್ಷ ಗೆದ್ದವರು. ಮುಂದೆ ಆಡುವವಳು ನಿಂತಲ್ಲಿ ನಿಲ್ಲದ ಗಿರಿಗಿಟ್ಲೆ. ಹಿಂದೆ ಆಡುವವಳು ಏನು ಹೊಡೆದರೂ ವಾಪಸ್ ಕಳಿಸುವ ಗೋಡೆ. ಜನ ಅವರನ್ನು ಕರೆಯುತ್ತಿದ್ದುದೂ ಹಾಗೆಯೇ.

ಮೊದಲ ಗೇಮ್ ಎದುರಾಳಿಗಳಿಗೆ. ಎರಡನೆಯದು ಇವರಿಗೆ. ಮೂರನೆಯದರಲ್ಲಿ ಅಂಕಗಳು ಒಂದನ್ನೊಂದು ಅಟ್ಟಿಸಿಕೊಂಡು ಮೇಲೇರಿದವು. ಗ್ಯಾಲರಿಯಲ್ಲಿ ಅತ್ತೆ ಎದ್ದು ನಿಂತು, ಪಕ್ಕದಲ್ಲಿ ಕೂತ ಅಪರಿಚಿತರೊಬ್ಬರ ಭುಜಕ್ಕೆ ಗುದ್ದುತ್ತಿದ್ದರು. ಅವರು ಪಾಪ, ಎದುರಾಳಿ ಗೋಡೆಯ ಗಂಡ. ಕೊನೆಗೆ ಇವರಿಗೆ ಒಂದೇ ಅಂಕ ಬೇಕಾಗಿತ್ತು. ಗೋಡೆ ಎತ್ತರಕ್ಕೆ ಹೊಡೆದಳು. ಕಾಕ್ ದೀಪಗಳ ಸಮೀಪಕ್ಕೆ ಹೋಗಿ, ಅಲ್ಲಿ ಒಂದು ಕ್ಷಣ ನಿಂತು, ನಟ್ಟನಡುವೆ ಇಳಿಯತೊಡಗಿತು.

"ನಂದು!" ಎಂದಳು ಹಿರಿಯವಳು.

"ನಂದು!" ಎಂದಳು ಕಿರಿಯವಳು.

ಇಬ್ಬರೂ ಓಡಿದರು. ಇಬ್ಬರೂ ಬೀಸಿದರು. ಟಣ್ ಎಂದು ರಾಕೆಟ್ಟಿಗೆ ರಾಕೆಟ್ ಬಡಿಯಿತು. ಕಾಕ್ ಕುಡಿದವನಂತೆ ಓಲಾಡಿಕೊಂಡು ನೆಟ್ಟಿನ ನೆತ್ತಿ ಸವರಿ ಆಚೆ ಬಿತ್ತು. ಸದ್ದಿಗೆ ಬೆಚ್ಚಿದ್ದ ಗಿರಿಗಿಟ್ಲೆ ಜೀವಮಾನದಲ್ಲಿ ಮೊದಲ ಸಲ ನಿಂತಲ್ಲೇ ನಿಂತಿದ್ದಳು.

ಅಂಪೈರ್ ಕುರ್ಚಿಯಿಂದ ಬಾಗಿದರು. "ಯಾರು ಹೊಡೆದದ್ದು? ಇಬ್ಬರ ರಾಕೆಟ್ಟೂ ತಾಗಿದ್ರೆ ಪಾಯಿಂಟ್ ಅವರಿಗೆ."

ಹಿರಿಯವಳು ತನ್ನ ರಾಕೆಟ್ ತಿರುಗಿಸಿ ನೋಡಿದಳು; ಅಂಚಿನಲ್ಲಿ ಕಿರಿಯವಳ ರಾಕೆಟ್ಟಿನ ಹಸಿರು ಬಣ್ಣ ಹತ್ತಿತ್ತು. "ನನ್ನದು ತಾಗಿದ್ದು ಇವಳ ರಾಕೆಟ್ಟಿಗೆ. ಕಾಕ್ ಇವಳದೇ."

"ಹೌದು ಸಾರ್," ಎಂದಳು ನೆಟ್ಟಿನ ಆಚೆಯಿಂದ ಗಿರಿಗಿಟ್ಲೆ, ಉಗುರು ಕಚ್ಚುತ್ತ. "ನಾನು ಹತ್ತಿರದಿಂದ ನೋಡಿದೆ. ಸಣ್ಣವಳೇ ಹೊಡೆದದ್ದು. ಹಾಳಾದ್ದು, ಬಹಳ ಚೆನ್ನಾಗಿತ್ತು."

ಆಮೇಲೆ ನಡೆದದ್ದು ಕಿರಿಯವಳಿಗೆ ತುಂಡು ತುಂಡಾಗಿ ಮಾತ್ರ ನೆನಪಿದೆ. ಅಕ್ಕ ಅವಳನ್ನು ಸಾಮಾನಿನ ಮೂಟೆಯಂತೆ ಹೆಗಲಿಗೇರಿಸಿಕೊಂಡು ಅಂಗಳ ಸುತ್ತಿದ್ದು. ಸೈರನ್ ಸಾರ್ ದನಿ ಬಿದ್ದುಹೋಗಿ, ಬಾಯಿ ಮಾತ್ರ ಆಡುತ್ತಿದ್ದದ್ದು. ಅತ್ತೆ ಗೋಡೆಯ ಗಂಡನನ್ನು ಅಪ್ಪಿಕೊಂಡದ್ದು, ಆತ ಬಿಡಿಸಿಕೊಳ್ಳಲಾರದೆ ನಕ್ಕದ್ದು. ಕ್ರೀಡಾಂಗಣದ ಬಚ್ಚಲಲ್ಲಿ ನೀರು ಬರುತ್ತಿರಲಿಲ್ಲವಾದ್ದರಿಂದ ಎಲ್ಲರೂ ಬೆವರಿನಲ್ಲಿ ಅಂಟಂಟಾಗಿದ್ದರು.

"ಎಲ್ರೂ ಬನ್ನಿ! ನನ್ನ ಸಲೂನಿಗೆ!" ಎಂದಳು ಕಿರಿಯವಳು. 'ನನ್ನ' ಎಂದದ್ದು ಕೇಳಿ ತಾನೇ ಒಮ್ಮೆ ನಿಂತಳು. ಆಮೇಲೆ ಎದುರಾಳಿಗಳತ್ತ ತಿರುಗಿ, "ನೀವೂ ಬನ್ನಿ. ತಲೆ ತೊಳೆದು ಕಳಿಸ್ತೀನಿ," ಎಂದಳು.

ಹಿರಿಯವಳ ವ್ಯಾನಿನ ಹಿಂಭಾಗದಲ್ಲಿ ಪೆಟ್ಟಿಗೆಗಳ ಮೇಲೆ ಕೂತು, ತಿರುವಿನಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತ, ಎರಡು ತಂಡಗಳೂ ಬಂದವು. ಗೋಡೆ ಬೇಸಿನ್ನಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದಳು. ಬಿಸಿನೀರು ನೆತ್ತಿಗೆ ಬಿದ್ದದ್ದೇ, ಆಟದುದ್ದಕ್ಕೂ ತುಟಿ ಬಿಚ್ಚದಿದ್ದ ಆಕೆ, "ಅಬ್ಬಾ, ಸೋತಿದ್ದೇ ಒಳ್ಳೇದಾಯ್ತು ನೋಡಿ," ಎಂದಳು. ಗಿರಿಗಿಟ್ಲೆಗೆ ಸಿಕ್ಕಿದ್ದು ಇಳಿಯದ ಕುರ್ಚಿ. ಅವಳು ಮೇಲೆ ಕೂತು ಗಿರಗಿರ ತಿರುಗುತ್ತ ಕೇಕೆ ಹಾಕುತ್ತಿದ್ದಳು.

ಅಷ್ಟರಲ್ಲಿ ಅತ್ತೆ ಬಣ್ಣದವನ ಕುರ್ಚಿಯಲ್ಲಿ ಕೂತಾಗಿತ್ತು. ಕನ್ನಡಿಯ ಪಕ್ಕದಲ್ಲಿದ್ದ ಬಣ್ಣದ ಪಟ್ಟಿಯನ್ನು ಮೂಗಿಗೆ ಹಿಡಿದು ನೋಡಿ, ಒಂದರ ಮೇಲೆ ಬೆರಳಿಟ್ಟರು.

"ಇದು ಕೆಂಪು ಅಮ್ಮಾ," ಎಂದ ಅವನು ಮೆಲ್ಲಗೆ. "ಬೆಂಕಿ ಕೆಂಪು."

"ನನ್ನ ಕಣ್ಣಿಗೇನಾಗಿದೆ? ಕಾಣುತ್ತೆ. ಹಾಕು."

ಬಣ್ಣದವನು ಸೊಸೆಯರ ಮುಖ ನೋಡಿದ. ಕಿರಿಯವಳ ಕೈ ಗೋಡೆಯ ತಲೆಯ ನೊರೆಯಲ್ಲಿತ್ತು. "ವಿಭಾಗ ನಿಮ್ಮದು ಅಣ್ಣಾ, ನನ್ನ ಕೇಳ್ಬೇಡಿ," ಎಂದಳು. ಹಿರಿಯವಳು ಆಗಲೇ ಫೋನ್ ತೆಗೆದು, ಮನೆಯಲ್ಲಿದ್ದ ಗಂಡನಿಗೆ ಕರೆ ಮಾಡುತ್ತಿದ್ದಳು: "ರೀ, ಕೂತ್ಕೊಂಡಿದ್ದೀರಾ? ನಿಂತಿದ್ರೆ ಮೊದಲು ಕೂತ್ಕೊಳ್ಳಿ. ನಿಮ್ಮಮ್ಮ..."