ಟ್ಯೂಬು ಅವರಿಗೆ, ಟಯರು ನನಗೆ

ಮೂರ್ತಿ ತನ್ನ ಹೆಂಡತಿಯನ್ನು ಎರಡು ಪಾಲು ಮಾಡಿಟ್ಟಿದ್ದ. ಡೆಂಕಣಿಕೋಟೆಯಲ್ಲಿ ಇಪ್ಪತ್ತು ವರ್ಷದಿಂದ ಪಂಕ್ಚರ್ ಅಂಗಡಿ ನಡೆಸುವವನಿಗೆ ಅದೇನೂ ಕಷ್ಟದ ಕೆಲಸವಾಗಿರಲಿಲ್ಲ. ಮಂಗಳಾ ಶನಿವಾರ ಶನಿವಾರ ಪ್ರಾರ್ಥನೆ ಮನೆಗೆ ಹೋಗಲು ಶುರು ಮಾಡಿದಾಗ ಅಂಗಡಿ ಮುಂದೆ ನಿಂತವರೆಲ್ಲ ‘ನಿನ್ ಹೆಂಡ್ತಿ ಆತ್ಮ ಕ್ರೈಸ್ತರ ಪಾಲಾಯ್ತು’ ಎಂದು ಕೆಣಕಿದರು. ಅವನು ಎಲ್ಲರಿಗೂ ಒಂದೇ ಉತ್ತರ ಕೊಟ್ಟ.

“ಆತ್ಮ ಅಂದ್ರೆ ಒಳಗಿನ ಟ್ಯೂಬು ಕಣ್ರಲಾ. ಬೇಕಾದ್ರೆ ಟ್ಯೂಬು ಅವ್ರೇ ಇಟ್ಕಳ್ಲಿ. ಟಯರು ನನ್ ಮನೇಲೈತೆ.”

ಜನ ನಕ್ಕರು, ಅವನೂ ನಕ್ಕ. ಆದರೆ ಮನೆಯಲ್ಲಿದ್ದ ಟಯರು ಬೇರೆ ಯಾರದೋ ಗಾಳಿಯಲ್ಲಿ ಉರುಳುತ್ತಿತ್ತು. ಮುದ್ದೆ ತೊಳಸುವಾಗ ಮಂಗಳಾ ಪ್ರಾರ್ಥನೆ ಮನೆಯ ಹಾಡು ಗುನುಗುವಳು. ಊಟಕ್ಕೆ ಕೂತರೆ ‘ಮೇಷ್ಟ್ರು ಹೇಳಿದ್ರು’, ಎದ್ದರೆ ‘ಮೇಷ್ಟ್ರು ಹೇಳಿದ್ರು’. ಮೇಷ್ಟ್ರು ಅಂದರೆ ಹೊಸೂರಿನ ಆಲಸನತ್ತಂನಿಂದ ಹಳೇ ಸ್ಕೂಟಿಯಲ್ಲಿ ಬಂದು ಬೈಬಲ್ ಪಾಠ ಹೇಳುವ ಕುಮಾರೇಶ್. ಮೂವತ್ತರ ಆಸುಪಾಸು. ಅವನ ಉಗುರುಗಳು ಬೆಳ್ಳಗಿದ್ದವು. ಮೂರ್ತಿ ಮೊದಲು ಗಮನಿಸಿದ್ದೇ ಅದನ್ನು.

ಒಂದು ದಿನ ಮಂಗಳಾ ಅತ್ತೆ ನರಸಮ್ಮನಿಗೆ ಹೇಳಿದಳು, “ದೇವ್ರು ಮಣ್ಣಲ್ಲಿ ಮನುಷ್ಯನ್ನ ಮಾಡಿ, ಮೂಗಿಗೆ ಉಸ್ರು ಊದಿದ್ನಂತೆ ಕಣತ್ತೆ.”

ನರಸಮ್ಮ ಮುಖ ಸಿಂಡರಿಸಿದಳು. “ಬಾಯಲ್ಲೇ ಊದಿದ್ನಾ? ಥೂ, ಎಂಜಲು! ನಾವು ದೀಪಾನೇ ಬಾಯಲ್ಲಿ ಊದಿ ಆರ್ಸಲ್ಲ.”

“ತಾಯಿ ಎಂಜಲು ಮಕ್ಕಳಿಗೆ ಎಂಜಲಾ ಅತ್ತೆ?”

ನರಸಮ್ಮನಂಥ ನರಸಮ್ಮನೇ ಸೆರಗು ಕೊಡವಿಕೊಂಡು ಎದ್ದು ಹೋದಳು. ಪಕ್ಕದಲ್ಲಿ ಕೂತಿದ್ದ ಮೂರ್ತಿ ತಲೆ ಎತ್ತಿ ಹೆಂಡತಿಯನ್ನೇ ನೋಡಿದ. ಹದಿನಾಲ್ಕು ವರ್ಷದ ಸಂಸಾರದಲ್ಲಿ ತನಗೆ ಇಂಥದೊಂದು ಜವಾಬು ಅವಳ ಬಾಯಿಂದ ಬಂದಿರಲಿಲ್ಲ. ತಾನು ಅಂಥ ಪ್ರಶ್ನೆ ಕೇಳಿರಲಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ಆ ಶನಿವಾರ ಮಧ್ಯಾಹ್ನ ಕುಮಾರೇಶ್ ಸ್ಕೂಟಿ ತಳ್ಳಿಕೊಂಡು ಅಂಗಡಿಗೇ ಬಂದ. ಹಿಂದಿನ ಚಕ್ರ ಕೂತಿತ್ತು. ಮೂರ್ತಿ ಟ್ಯೂಬು ಎಳೆದು ನೀರಿನ ಬಾಣಲೆಯಲ್ಲಿ ಮುಳುಗಿಸಿದ. ಗುಳ್ಳೆ ಎದ್ದಲ್ಲಿ ಬೆರಳಿಟ್ಟು, ತಲೆ ಎತ್ತದೆ ಕೇಳಿದ.

“ಸಾರ್, ಆತ್ಮಾನ ಹಿಂಗೆ ಈಚೆ ಎಳೀಬೋದಾ?”

ಕುಮಾರೇಶ್ ನಕ್ಕ. “ನಿಮ್ ಟ್ಯೂಬಿನ ಮಾತು ಮಂಗಳಕ್ಕ ಹೇಳ್ತಿದ್ರಣ್ಣ.”

ತನ್ನ ಮಾತು ಕೂಡ ಅಲ್ಲಿಗೆ ಹೋಗಿಬಿಟ್ಟಿದೆ! ಮೂರ್ತಿಯ ಬೆರಳು ತೂತಿನ ಮೇಲಿಂದ ಜಾರಿತು.

“ಆದ್ರೆ ಬೈಬಲ್‌ನಲ್ಲಿ ಹಂಗಿಲ್ಲಣ್ಣ,” ಕುಮಾರೇಶ್ ಉತ್ಸಾಹದಿಂದ ಕುಕ್ಕರುಗಾಲಲ್ಲಿ ಕೂತ. “ದೇವ್ರು ಮಣ್ಣಿಗೆ ಉಸ್ರು ಊದಿದ, ಮನುಷ್ಯನ ಒಳಗೆ ಆತ್ಮ ಬಂದು ಕೂತ್ಕಂತು ಅಂತಲ್ಲ. ಮನುಷ್ಯನೇ ಜೀವಾತ್ಮ ಆದ. ಹಸಿಯೋದು, ಬಾಯಾರೋದು, ಅಳೋದು, ಎಲ್ಲಾ ಅದೇ. ಬೈಬಲ್ ಬರೆದ ಹಳೇ ಇಬ್ರಿಯ ಭಾಷೇಲಿ ಆತ್ಮಕ್ಕೂ ಗಂಟಲಿಗೂ ಒಂದೇ ಪದ. ಊದಿದ ಉಸ್ರು ಮಾತ್ರ ದೇವ್ರದು. ಒಂದಿನ ವಾಪಸ್ ಹೋಗ್ತದೆ. ಅಲ್ಲೀವರ್ಗೂ ಮನುಷ್ಯ ಪೂರ್ತಿ ಒಂದೇ. ಪಾಲು ಮಾಡಕಾಗಲ್ಲ.”

ಪಾಲು ಮಾಡಕಾಗಲ್ಲ. ಅಂದರೆ ಮುದ್ದೆ ತೊಳಸುವ ಆ ಕೈಯೂ, ಬೆಳಗ್ಗೆ ಅವನ ಬೆನ್ನಿಗೆ ಎಣ್ಣೆ ತಿಕ್ಕುವ ಬೆರಳೂ ಅತ್ತಲೇ ಹೋಗಿವೆ. ಇಷ್ಟು ದಿನ ಮನೆಯಲ್ಲಿ ತಾನು ಬೀಗ ಹಾಕಿಕೊಂಡು ಕಾದದ್ದು ಏನನ್ನು?

ಅವನು ಟ್ಯೂಬಿಗೆ ಪ್ಯಾಚ್ ಹಾಕಿದ. ಇನ್ನು ಟಯರಿನೊಳಗೆ ಸುತ್ತ ಬೆರಳಾಡಿಸಬೇಕು. ಅದು ಅವನ ಕೈಗೆ ಬಂದ ಅಭ್ಯಾಸ. ಚುಚ್ಚಿದ್ದು ಇನ್ನೂ ಅಲ್ಲೇ ಇದ್ದರೆ ಹಾಕಿದ ಪ್ಯಾಚ್ ದಂಡ. ಬೆರಳಿಗೆ ಜಾಲಿ ಮುಳ್ಳಿನ ಮೊನೆ ಸಿಕ್ಕಿತು. ಅವನು ಬೆರಳು ಹಿಂದಕ್ಕೆ ತೆಗೆದ. ಮುಳ್ಳು ಅಲ್ಲೇ ಉಳಿಯಿತು. ಟಯರು ಮುಚ್ಚಿ ಗಾಳಿ ತುಂಬಿದ.

ಚಕ್ರ ಮತ್ತೆ ಕೂತುಕೊಳ್ಳಲಿ, ಬೆಳ್ಳಗಿನ ಉಗುರಿನವನು ಹೊಸೂರು ರಸ್ತೆಯ ಬಿಸಿಲಲ್ಲಿ ತಳ್ಳಿಕೊಂಡು ಹೋಗಲಿ.

“ನಂಡ್ರಿ ಅಣ್ಣಾ,” ಎಂದು ತಮಿಳಿನಲ್ಲಿ ಥ್ಯಾಂಕ್ಸ್ ಹೇಳಿ ಕುಮಾರೇಶ್ ಹೊರಟ.

ನಾಲ್ಕು ಗಂಟೆಗೆ ಮೂರ್ತಿಯ ಫೋನು ಬಡಿದುಕೊಂಡಿತು. ಮಂಗಳಾ.

“ರೀ, ಗಾಡಿ ಗಾಳಿ ಹೋಗ್ಬುಡ್ತು.”

“ಯಾವ ಗಾಡಿ?”

“ಮೇಷ್ಟ್ರು ಸ್ಕೂಟಿ. ಅವ್ರಿಗೆ ಪಾಠ ಐತೆ, ನಾನೂ ಪ್ರಾರ್ಥನೆ ಮನೆ ಪಾಪಮ್ಮಜ್ಜೀನೂ ತಗೊಂಡ್ ಬಂದ್ವಿ. ಜವಳಗಿರೀಲಿ ಅಜ್ಜಿ ತಂಗಿಗೆ ಉಸಾರಿಲ್ಲ. ಇಲ್ಲಿ ಕಾಡಿನ ತಿರುವು. ರಸ್ತೇಲಿ ಆನೆ ಲದ್ದಿ ಬಿದ್ದೈತೆ, ಇನ್ನೂ ಹೊಗೆ ಆಡ್ತೈತೆ.”

ಆಮೇಲೆ ಬರೀ ಅವಳ ಏದುಸಿರು ಕೇಳುತ್ತಿತ್ತು. ಹದಿನಾಲ್ಕು ವರ್ಷ ಪಕ್ಕದಲ್ಲೇ ಮಲಗಿದ್ದ ಆ ಉಸಿರನ್ನು ಅವನು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು. ಅದು ನಿಂತರೆ ಮನೆಯಲ್ಲಿ ಉಳಿಯುವುದು ಟಯರೂ ಅಲ್ಲ. ಹಿಡಿ ಮಣ್ಣು.

ಕಾಲುಪಂಪು, ಪ್ಯಾಚು, ಟಯರು ಬಿಚ್ಚುವ ಸನ್ನೆಕೋಲುಗಳನ್ನು ಚೀಲಕ್ಕೆ ತುಂಬಿ ಬೈಕು ಓಡಿಸಿದ. ಇಬ್ಬರೂ ಹುಣಸೆಮರದ ಕೆಳಗೆ ನಿಂತಿದ್ದರು. ಕಾಡಿನೊಳಗೆಲ್ಲೋ ಕೊಂಬೆ ಮುರಿದ ಸದ್ದಾಗುತ್ತಿತ್ತು. ಮಂಗಳಾ ಬಾಟಲಿ ಎತ್ತಿ ಗಟಗಟ ನೀರು ಕುಡಿದಳು. ಅವಳ ಗಂಟಲು ಏರಿ ಇಳಿಯುವುದನ್ನು ಮೂರ್ತಿ ನೋಡಿದ.

“ಬಂದ್ಯಾ ಮಗಾ? ದೇವ್ರು ಬಂದಂಗ್ ಬಂದೆ,” ಅಂದಳು ಪಾಪಮ್ಮ.

ಅವನು ಕೂತು ಟಯರು ಬಿಚ್ಚಿದ. ಈ ಸಲ ನೇರ ಆ ಜಾಗಕ್ಕೇ ಕೈ ಹಾಕಿದ. ತಡಕಲಿಲ್ಲ, ಹುಡುಕಲಿಲ್ಲ. ಮುಳ್ಳು ಕೈಗೆ ಬಂತು. ತಲೆ ಎತ್ತಿದರೆ ಮಂಗಳಾ ಅವನ ಕೈಯನ್ನೇ ನೋಡುತ್ತಿದ್ದಳು. ಅಂಗಡಿಗೆ ಬುತ್ತಿ ತಂದು ಕೂತು ಸಾವಿರ ಸಲ ನೋಡಿದ ಕೈ ಅದು.

“ನೀವು ಸುತ್ತ ಬೆರಳಾಡಿಸ್ದೆ ಟಯರು ಮುಚ್ಚಿದೋರೇ ಅಲ್ಲ,” ಅಂದಳು ಮೆಲ್ಲಗೆ.

“ಇಲ್ಲ.”

“ಮುಳ್ಳಿರೋದು ಗೊತ್ತಿತ್ತಾ?”

“ಗೊತ್ತಿತ್ತು. ಅವ್ನು ಹೋಗ್ತಾನೆ ಅನ್ಕಂಡಿದ್ದೆ. ನೀನು ಅಂತ ಗೊತ್ತಿರ್ಲಿಲ್ಲ.”

“ಅವ್ರಾದ್ರೆ ಆಗ್ತಿತ್ತಾ? ಅವ್ರ ಮೂಗಲ್ಲಿರೋದು ಬೇರೆ ಉಸ್ರಾ?”

ಇಂಥ ಜವಾಬು ತನಗೂ ಬರಲಿ ಎಂದು ಒಳಗೊಳಗೇ ಕುದಿದಿದ್ದವನು ಮೂರ್ತಿ. ಈಗ ಬಂದಿತ್ತು.

ಮಂಗಳಾ ಅವನ ಅಂಗೈಯಿಂದ ಮುಳ್ಳನ್ನು ಎತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಅವನು ಟ್ಯೂಬಿಗೆ ಪ್ಯಾಚ್ ಹಾಕಿ, ಟಯರು ಮುಚ್ಚಿ ಪಂಪು ತುಳಿದ. ಕಾಲು ಸೋತು ನಿಂತಾಗ, ಸರ್ಕೊಳ್ಳಿ ಅಂತಲೂ ಹೇಳದೆ, ಅವಳೇ ಕಾಲಿಟ್ಟು ತುಳಿದಳು.

“ಸೋಮವಾರ ನೀವೇ ಆಲಸನತ್ತಂಗೆ ಹೋಗಿ ಮೇಷ್ಟ್ರಿಗೆ ಮುಳ್ಳಿನ ವಿಷ್ಯ ಹೇಳಿ. ನಾನು ಹೇಳಲ್ಲ.”

“ಹೇಳ್ತೀನಿ.” ಪಂಪನ್ನು ಚೀಲಕ್ಕೆ ಹಾಕುತ್ತ, “ನೀನು ಜೊತೆಗೆ ಬರ್ತೀಯಾ?” ಎಂದ.

“ಇಲ್ಲ.”

ಅವಳು ಪಾಪಮ್ಮನನ್ನು ಕೂರಿಸಿಕೊಂಡು ಜವಳಗಿರಿ ಕಡೆಗೇ ಗಾಡಿ ತಿರುಗಿಸಿದಳು. ಮೂರ್ತಿ ಬೈಕು ಹತ್ತಿ, ಹಿಂದಿನ ಚಕ್ರದ ಮೇಲೇ ಕಣ್ಣಿಟ್ಟು, ಇಪ್ಪತ್ತು ಅಡಿ ಹಿಂದೆ ಹೊರಟ. ಅವಳು ಮತ್ತೆ ಅದೇ ಹಾಡು ಗುನುಗುತ್ತಿದ್ದಳು. ಗಾಳಿಯಲ್ಲಿ ತೇಲಿ ಬಂದ ಅದು ಅವನ ಹೊಟ್ಟೆಯನ್ನು ಮೊದಲಿನಷ್ಟೇ ಉರಿಸಿತು. ಆದರೂ ಪದಗಳು ಕೇಳಲಿ ಎಂದು ಅವನು ಬೈಕನ್ನು ಒಂದಿಷ್ಟು ಹತ್ತಿರಕ್ಕೆ ಬಿಟ್ಟ.