ಬೊಂಬೆಗೆ ಹೇಳಿದ ಮಾತು

ಅಣ್ಣತಮ್ಮಂದಿರ ಹೆಂಡಿರಾದ ಆ ಓರಗಿತ್ತಿಯರು ಒಂದೇ ಹೊಲಿಗೆ ಅಂಗಡಿಯಲ್ಲಿ ಕೂತೂ ಮಾತು ಬಿಟ್ಟು ವರ್ಷದ ಮೇಲಾಗಿತ್ತು. ಕೆಲಸ ನಿಲ್ಲಬಾರದಲ್ಲ, ಹೇಳುವುದನ್ನೆಲ್ಲ ನಡುವೆ ನಿಂತ ಬಟ್ಟೆ ತೊಡಿಸುವ ಬೊಂಬೆಗೆ ಹೇಳುತ್ತಿದ್ದರು. "ಆ ಮಹಾರಾಣಿಗೆ ಕತ್ತರಿ ಕೊಡೋಕೆ ಹೇಳು," ಎಂದು ದೊಡ್ಡವಳು ಬೊಂಬೆಗೆ ಅಂದರೆ, ಕತ್ತರಿ ಮೇಜಿನ ಮೇಲೆ ಜಾರಿಕೊಂಡು ಬರುತ್ತಿತ್ತು. ಇಬ್ಬರ ಆಸೆಯೂ ಒಂದೇ: ಜಂಟಿ ಖಾತೆಯ ಉಳಿತಾಯ ಇನ್ನೊಂದಿಷ್ಟು ಬೆಳೆದರೆ ಪಾಲು ಮಾಡಿಕೊಂಡು ಬೇರೆ ಬೇರೆ ಅಂಗಡಿ ಹಾಕುವುದು, ಒಬ್ಬರ ಮುಖ ಒಬ್ಬರು ನೋಡದೆ ಬದುಕುವುದು.

ಅವತ್ತು ಬೆಳಿಗ್ಗೆ ದೊಡ್ಡವಳು ಬೊಂಬೆಯ ಮುಂದೆ ನಿಂತು, "ಬ್ಯಾಂಕ್ ಹೆಸರಲ್ಲಿ..." ಎಂದು ಏನೋ ಶುರುಮಾಡಿದಳು. ಇವಳ ಪುರಾಣ ಯಾರಿಗೆ ಬೇಕು ಎಂದು ಚಿಕ್ಕವಳು ಮಿಷನ್ನಿನ ಪೆಡಲ್ಲನ್ನು ಜೋರಾಗಿ ತುಳಿದಳು.

ದೊಡ್ಡವಳು ಊಟಕ್ಕೆ ಹೋಗಿದ್ದಾಗ ಚಿಕ್ಕವಳ ಫೋನಿಗೆ ಬ್ಯಾಂಕಿನ ಇಮೇಲ್ ಬಂತು. 'ಪ್ರಿಯ ಗ್ರಾಹಕರೇ, ನಿಮ್ಮ ಜಂಟಿ ಖಾತೆದಾರರು ಖಾತೆಯಿಂದ ನಿಮ್ಮ ಹೆಸರು ತೆಗೆಯಲು ಕೋರಿದ್ದಾರೆ. ತಡೆಯಲು ಕೂಡಲೇ ಇಲ್ಲಿ ಒತ್ತಿ.'

ಅವಳ ಮೈಯೆಲ್ಲ ಉರಿದುಹೋಯಿತು. "ಹಾವಿಗೆ ಹಾಲೆರೆದ ಹಾಗಾಯ್ತಲ್ಲೋ," ಎಂದು ಬೊಂಬೆಯ ಮೇಲೆ ಹರಿಹಾಯ್ದು, ಅಲ್ಲಿ ಒತ್ತಿ, ಪಾಸ್‌ವರ್ಡ್ ಕೊಟ್ಟಳು. ಫೋನಿಗೆ ಬಂದ ಒಟಿಪಿಯನ್ನೂ ಕೊಟ್ಟಳು. ಓರಗಿತ್ತಿಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅದೊಂದು ಮಾತ್ರ ಅವಳಿಂದ ಆಗುವಂತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಖಾತೆ ಬರಿದಾದ ಸಂದೇಶ ಬಂತು. ದೊಡ್ಡವಳು ಒಳಗೆ ಕಾಲಿಡುತ್ತಿದ್ದಂತೆ ಇವಳು ಎದ್ದು ಎದುರಿಗೆ ಬಂದಳು.

"ಅಕ್ಕಾ," ಎಂದಳು, ನೇರವಾಗಿ ಅವಳಿಗೇ. "ದುಡ್ಡೆಲ್ಲ ಹೋಯ್ತು."

ದೊಡ್ಡವಳು ಫೋನ್ ಕಿತ್ತುಕೊಂಡು ಓದಿದಳು. ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿದ್ದೂ ಆಯಿತು, ಆದರೆ ಹಕ್ಕಿ ಹಾರಿಹೋಗಿತ್ತು. ಆಮೇಲೆ ಅವಳು ಬೊಂಬೆಯ ಕಡೆ ತಿರುಗಿದಳು.

"ಇವಳಿಗೆ ಹೇಳು. ಕಳಿಸಿದವರ ಹೆಸರನ್ನ ಒತ್ತಿ ನೋಡಿದ್ರೆ ಕೆಳಗೆ ಯಾವನೋ ಕಳ್ಳನ ಇಮೇಲ್ ವಿಳಾಸ ಕಾಣುತ್ತೆ. ನಿನ್ನೆ ನಂಗೂ ಇದೇ ಬಂದಿತ್ತು, ಇವಳೇ ನನ್ನ ಹೆಸರು ತೆಗೆಸ್ತಿದ್ದಾಳೆ ಅಂತ. ನಾನು ಆ 'ಇಲ್ಲಿ ಒತ್ತಿ' ಅನ್ನೋದನ್ನ ಒತ್ತಲಿಲ್ಲ, ಬ್ಯಾಂಕಿಗೆ ಹೋಗಿ ಕೇಳ್ಕೊಂಡು ಬಂದೆ. ಬೆಳಿಗ್ಗೆ ನಿಂಗೆ ಎಲ್ಲಾ ಹೇಳಿದ್ನಲ್ಲ?"

"ನಂಗ್ಯಾಕೆ ಹೇಳಲಿಲ್ಲ?" ಚಿಕ್ಕವಳು ಕಿರುಚಿದಳು.

"ಹೇಳುವಾಗ ಮಿಷನ್ ತುಳೀತಿದ್ದೋರು ಯಾರು ಅಂತ ಕೇಳು," ಎಂದಳು ದೊಡ್ಡವಳು ಬೊಂಬೆಗೆ.

ಇಬ್ಬರ ಜಗಳ ಮೂರನೆಯವನಿಗೆ ಲಾಭ. ಬೇರೆ ಅಂಗಡಿಯ ಮಾತು ಅಲ್ಲಿಗೆ ಮುಗಿಯಿತು. ಇನ್ನು ಮುಂದೆಯೂ ಇದೇ ಕೋಣೆ, ಇದೇ ಮುಖ.

ಮರುದಿನ ಅರ್ಧ ಹೊಲಿದ ರವಿಕೆಯ ತೋಳು ಕೈಯಲ್ಲಿ ಹಿಡಿದು ಚಿಕ್ಕವಳು ಮೆಲ್ಲಗೆ, "ಅಕ್ಕಾ, ಕತ್ತರಿ ಕೊಡ್ತೀಯಾ?" ಎಂದಳು.

ದೊಡ್ಡವಳು ತಲೆ ಎತ್ತದೆ ಪೆಡಲ್ಲನ್ನು ಜೋರಾಗಿ ತುಳಿದಳು.